ಎರಡನೇ ಏಟು

ನನಗೆ ಮೊದಲಿನಿಂದಲೂ ಅವಸರ ಜಾಸ್ತಿ. ಅದರಿಂದಾಗಿಯೇ ಬೈಲಹೊಂಗಲದ ನಮ್ಮ ಓಣಿಯವರೆಲ್ಲ ಒಮ್ಮೆ ನನ್ನ ಸುಳ್ಳು ಗೆಲುವಿನ ಹೋಳಿಗೆ ತಿಂದಿದ್ದಾರೆ.

ಪಿಎಚ್‌ಡಿಗೆಂದು ನಾನು ಮಾಡುತ್ತಿದ್ದುದು ಫೆರೋಎಲೆಕ್ಟ್ರಿಕ್ ತೆಳುಪದರ. ಕೂದಲಿಗಿಂತ ನೂರಾರು ಪಟ್ಟು ತೆಳ್ಳಗಿನ ಅದರೊಳಗೆ ಧನ, ಋಣ ವಿದ್ಯುದಂಶಗಳು ತುಸು ಆಚೀಚೆ ಸರಿದು ಕೂತಿರುತ್ತವೆ. ಹಾಗಾಗಿ ಪದರಕ್ಕೊಂದು ದಿಕ್ಕು. ಎದುರಿನಿಂದ ವೋಲ್ಟೇಜಿನ ಏಟು ಕೊಟ್ಟರೆ ಆ ದಿಕ್ಕು ಅಲ್ಲೊಂದು ಇಲ್ಲೊಂದು ಮೂಲೆಯಲ್ಲಿ ತಿರುಗಲು ಶುರುವಾಗಿ, ಹರಡಿ, ಇಡೀ ಪದರ ತಿರುಗಬೇಕು. ಏಟು ನಿಂತ ಮೇಲೂ ಹಾಗೇ ಇರಬೇಕು.

ಪರದೆಯ ಮೇಲೆ ಮೊದಲ ಸಲ ದುಂಡನೆಯ ಗೆರೆ ಮೂಡಿದಾಗ ತಿರುಗಿತೆಂದು ಕುಣಿದಾಡಿದೆ. ಜಿನ್ನಿಂಗ್ ಗಿರಣಿಯಲ್ಲಿ ಹತ್ತಿ ಆರಿಸುವ ಅವ್ವ ಶೇಂಗಾ ಹೋಳಿಗೆ ಮಾಡಿ ಹಂಚಿದಳು. ಮರುದಿನ ನನ್ನ ಮಾರ್ಗದರ್ಶಕರು ಕೇಳಿದರು: “ಅದ ದಿಕ್ಕಿಗೆ ಎರಡನೇ ಏಟು ಕೊಟ್ಟು ನೋಡೀರೇನ್ರಿ?” ದಿಕ್ಕು ತಿರುಗುವಾಗಷ್ಟೇ ಕರೆಂಟು ಜಿಗಿಯುತ್ತದೆ. ಆಗಲೇ ತಿರುಗಿದ್ದರೆ ಇನ್ನು ತಿರುಗಲು ಏನೂ ಉಳಿದಿರುವುದಿಲ್ಲ, ಎರಡನೇ ಏಟಿಗೆ ಕರೆಂಟು ಕುಸಿಯಬೇಕು. ನನ್ನದು ಮೊದಲಿನಷ್ಟೇ ಹರಿಯಿತು. ಪದರ ತಿರುಗಿರಲೇ ಇಲ್ಲ, ಕರೆಂಟು ಬರೀ ಸೋರಿತ್ತು! ಓಣಿಯಲ್ಲಿ ತಲೆ ಎತ್ತಲಾಗದಂತಾಯಿತು.

ಆಮೇಲೆ ಮಾಡಿದ ಪದರಗಳೂ ಸೋರಿದವು. ಯುಗಾದಿಯೊಳಗೆ ಒಂದಾದರೂ ತಿರುಗದಿದ್ದರೆ ಸಂಶೋಧನೆಯ ವಿಷಯವನ್ನೇ ಬದಲಿಸಬೇಕೆಂದು ಮಾರ್ಗದರ್ಶಕರು ಹೇಳಿಬಿಟ್ಟರು. ಎರಡು ವರ್ಷದ ದುಡಿಮೆ ಮಣ್ಣುಪಾಲಾಗುವುದರಲ್ಲಿತ್ತು.

ಒಂದು ಸಂಜೆ ಸೋರಿದ ಪದರಗಳ ಸೂಕ್ಷ್ಮದರ್ಶಕದ ಫೋಟೊಗಳನ್ನು ಮೊಬೈಲಿನಲ್ಲಿ ನೋಡುತ್ತ ಕೂತಿದ್ದೆ. ಅವ್ವ ಬಗ್ಗಿ ನೋಡಿದಳು.

“ಏನ ಇವು?”

“ಬಿರುಕು. ಕುಲುಮ್ಯಾಗ ಸುಡುವಾಗ ಬಿದ್ದಾವು.”

“ಬಿರುಕು ಹಿಂಗ ಸುರುಳಿ ಸುತ್ತತಾವೇನ? ಹತ್ತಿ ಎಳಿ ಇದು. ದಿನಾ ಬೆರಳಾಗ ಹಿಡದ ಜಗ್ಗಿ ನೋಡತೇನಿ, ನನಗ ಗೊತ್ತಾಗಂಗಿಲ್ಲೇನ?”

ಫೋಟೊ ಹಿಗ್ಗಿಸಿ ನೋಡಿದೆ. ಹೌದು, ಎಳೆಯದೇ ಗುರುತು. ದಿನಾ ಬೆಳಿಗ್ಗೆ ಅವ್ವನ ಬುತ್ತಿಯನ್ನು ಗಿರಣಿಗೆ ಮುಟ್ಟಿಸಿ, ಅಲ್ಲಿಂದಲೇ ಬೆಳಗಾವಿ ಬಸ್ಸು ಹಿಡಿದು ಲ್ಯಾಬಿಗೆ ಹೋಗುತ್ತಿದ್ದೆ. ತಲೆಗೂದಲಲ್ಲಿ ಸಿಕ್ಕ ಎಳೆಗಳು ಆಗಷ್ಟೇ ದ್ರಾವಣ ಬಳಿದ ಹಸಿ ಪದರದ ಮೇಲೆ ಉದುರುತ್ತಿದ್ದವು. ಕುಲುಮೆಯಲ್ಲಿ ಎಳೆ ಸುಟ್ಟುಹೋಗಿ ಅದರ ಜಾಗದಲ್ಲಿ ಸಂದು ಉಳಿಯುತ್ತಿತ್ತು. ಮೇಲೆ ಹಚ್ಚಿದ ಲೋಹ ಆ ಸಂದಿಗೆ ಇಳಿಯುತ್ತಿತ್ತು, ಕರೆಂಟು ಸೋರುತ್ತಿತ್ತು. ಬುದ್ಧಿವಂತೆ ನಾನು, ಯಂತ್ರವನ್ನು ಬಯ್ಯುತ್ತಿದ್ದೆ!

“ನಾಳಿಯಿಂದ ಬುತ್ತಿ ನಾನ ಒಯ್ತೇನಿ. ನೀ ಗಿರಣಿ ಕಡೆ ಹಾಯಬ್ಯಾಡ,” ಎಂದಳು ಅವ್ವ.

ತಲೆ ಮೇಲೆ ನೀರು ಹಾಕಿಕೊಂಡು, ಲ್ಯಾಬಿನಲ್ಲಿ ಬೇರೆ ಬಟ್ಟೆ ತೊಟ್ಟು, ಕೂದಲಿಗೆ ಬಿಗಿಯಾಗಿ ಟೊಪ್ಪಿಗೆ ಹಾಕಿ ಹೊಸ ಪದರ ಮಾಡಿದೆ. ಮೊದಲ ಏಟಿಗೆ ಕರೆಂಟು ಜಿಗಿಯಿತು. ಈ ಸಲ ಕುಣಿಯದೆ, ಅದೇ ದಿಕ್ಕಿಗೆ ಎರಡನೇ ಏಟು ಕೊಟ್ಟೆ. ಕರೆಂಟಿನ ಗೆರೆ ನೆಲಕ್ಕೆ ಮಲಗಿತು! ಎದುರು ಏಟಿಗೆ ಮತ್ತೆ ಜಿಗಿಯಿತು. ಸಾಕೆನಿಸುವವರೆಗೂ ತಿರುಗಿಸಿದೆ, ಸಾಕೆನಿಸಲೇ ಇಲ್ಲ.

ಅವ್ವನಿಗೆ ಫೋನು ಹಚ್ಚಿದೆ. ಆ ಕಡೆ ಗಿರಣಿಯ ಸದ್ದು.

“ಯವ್ವಾ, ತಿರುಗಿತು!”

“ಹ್ವಾದ ಸಲಾನೂ ಹಿಂಗ ಅಂದಿದ್ದಿ. ಎರಡನೇ ಏಟ ಕೊಟ್ಟ ನೋಡಿಯೇನ?”

“ನೋಡೇನಿ. ಸೋರಲಿಲ್ಲ.”

ಅವ್ವ ಫೋನು ಕಿವಿಯಿಂದ ತೆಗೆಯದೆಯೇ, ಆ ಸದ್ದನ್ನೂ ಮೀರಿಸಿ, ಜೊತೆಯ ಹೆಂಗಸರಿಗೆ ಕೂಗಿ ಹೇಳಿದಳು:

“ನಾಳೆ ಎಲ್ಲಾರೂ ಹೋಳಿಗಿಗೆ ಬರ್ರಿ! ಈ ಸಲ ಖರೇನ ತಿರುಗೇತಿ!”