ದೋಣಿ ಟ್ರೈಲರಿನ ತೂಕ

ಹುಲ್ಲಹಳ್ಳಿ ರಸ್ತೆಯ ವೇಬ್ರಿಡ್ಜಿನಲ್ಲಿ ಲಾರಿಗಳ ತೂಕ ಹಾಕಿ ಚೀಟಿ ಕೊಡುವ ಯಶೋಧರಾ ಯಾರಿಗೂ ಕೇಡು ಬಯಸುವವಳಲ್ಲ, ಒಬ್ಬನನ್ನು ಬಿಟ್ಟು. ಆ ಒಬ್ಬ ಟಿ. ನರಸೀಪುರದ ಚಿಕ್ಕಸ್ವಾಮಿ. ಬೆಳಿಗ್ಗೆ ಒಲೆ ಹಚ್ಚುವಾಗ ಅವನ ಮುಖ ನೆನಪಾದರೆ ಅವಳು ಊದುಗೊಳವೆಯನ್ನು ಇನ್ನೂ ಜೋರಾಗಿ ಊದುತ್ತಿದ್ದಳು.

ಸಂಗಮಕ್ಕೆ ಬರುವವರನ್ನು ಮೋಟಾರು ದೋಣಿಯಲ್ಲಿ ಸುತ್ತಾಡಿಸುವುದು ಚಿಕ್ಕಸ್ವಾಮಿಯ ಕಸುಬು. ಹೊಳೆ ತುಂಬಿ ಬಂದಾಗ ದೋಣಿಯನ್ನು ಟ್ರೈಲರಿನ ಮೇಲೆ ಹೇರಿ ಮನೆಗೆ ತರಬೇಕು, ನೀರು ಇಳಿದ ಮೇಲೆ ಮತ್ತೆ ಒಯ್ಯಬೇಕು. ಟ್ರೈಲರ್ ಎಳೆಯುವ ಜೀಪಿಗೆ ಯಶೋಧರಾಳ ಅಣ್ಣ ಮಾದೇಶ್ ಡ್ರೈವರಾಗಿದ್ದ. ಜೀಪಿಗೆ ಟ್ರೈಲರ್ ಸಿಕ್ಕಿಸುವ ಈ ಕೊಕ್ಕೆ ಈ ಭಾರಕ್ಕೆ ತಡೆಯುವುದಿಲ್ಲ ಎಂದು ಅವನು ಎಷ್ಟೋ ಸಲ ಹೇಳಿದ್ದ. "ಆರ್‌ಟಿಒನವ್ರೇ ಪಾಸು ಮಾಡವ್ರೆ, ನೀನ್ಯಾವನ್ಲಾ?" ಎಂದು ಚಿಕ್ಕಸ್ವಾಮಿ ಅವನ ಬಾಯಿ ಮುಚ್ಚಿಸಿದ್ದ. ಒಂದು ದಿನ ಹೊಳೆಯ ಇಳಿಜಾರಿನಲ್ಲಿ ಕೊಕ್ಕೆ ಮುರಿಯಿತು. ಚಕ್ರಕ್ಕೆ ಕಲ್ಲು ಕೊಡಲು ಹೋದ ಮಾದೇಶನ ಎಡಗಾಲಿನ ಮೇಲೆ ದೋಣಿಯ ಸಮೇತ ಟ್ರೈಲರ್ ಹರಿಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು.

ಕಾಲು ಹೋದದ್ದನ್ನು ಯಶೋಧರಾ ಹೇಗೋ ನುಂಗಿಕೊಂಡಳು. ನುಂಗಲಾಗದ್ದು ಚಿಕ್ಕಸ್ವಾಮಿ ಸ್ಟೇಷನ್ನಿನಲ್ಲಿ ಬರೆಸಿದ ಮಾತು: "ಡ್ರೈವರ್ ಕುಡಿದಿದ್ದ." ಅಪ್ಪ ದೇವಯ್ಯ ಬೌದ್ಧ ದೀಕ್ಷೆ ತೆಗೆದುಕೊಂಡ ದಿನದಿಂದ ಆ ಮನೆಯಲ್ಲಿ ಹೆಂಡದ ಸುಳಿವಿರಲಿಲ್ಲ. ಮಾದೇಶ್ ಮದುವೆಮನೆಗಳಲ್ಲೂ ಕುಡಿಯುವವರ ಪಂಕ್ತಿಯಿಂದ ಎದ್ದು ಬರುತ್ತಿದ್ದವನು. ಆದರೂ ಆ ಒಂದು ಮಾತು ಅವರ ಊರಾದ ಹೆಡತಲೆಯವರೆಗೂ ನಡೆದು ಬಂತು. ಮದುವೆಗೆ ಗೊತ್ತಾಗಿದ್ದ ಹೆಣ್ಣಿನ ಕಡೆಯವರು ಹಿಂದೆ ಸರಿದರು. ಟೀ ಅಂಗಡಿಯಲ್ಲಿ ಕೂತರೆ ಯಾರೋ ಒಬ್ಬರು ಮೂಗಿನ ಹತ್ತಿರ ಕೈ ಆಡಿಸಿ ನಗುತ್ತಿದ್ದರು. ಮಾದೇಶ್ ಹೊರಗೆ ಹೋಗುವುದನ್ನೇ ಬಿಟ್ಟ.

ಈಗ ಅದೇ ಚಿಕ್ಕಸ್ವಾಮಿ ಹೊಸ ಟ್ರೈಲರನ್ನು ಜೀಪಿಗೆ ಕಟ್ಟಿಕೊಂಡು ಅವಳ ಕಿಟಕಿಯ ಮುಂದೆ ಬಂದು ನಿಂತಿದ್ದ. ನಾಲ್ಕು ಚಕ್ರದ, ದಪ್ಪ ಕಬ್ಬಿಣದ ಗಟ್ಟಿ ಗಾಡಿ. ರಿಜಿಸ್ಟ್ರೇಷನ್ನಿಗೆ ಖಾಲಿ ಟ್ರೈಲರಿನ ತೂಕದ ಚೀಟಿ ಬೇಕಾಗಿತ್ತು. ಮಾದೇಶನ ತಂಗಿಯ ಮುಖವನ್ನು ಅವನು ಯಾವತ್ತೂ ಸರಿಯಾಗಿ ನೋಡಿರಲಿಲ್ಲ, ಅದಕ್ಕೇ ಗುರುತು ಹತ್ತಲಿಲ್ಲ. ಯಶೋಧರಾ ಮಾತ್ರ ಅವನನ್ನು ಕಂಡ ಕೂಡಲೇ ಗುರುತಿಸಿದಳು.

"ನೋಡವ್ವ," ಅಂದ ಚಿಕ್ಕಸ್ವಾಮಿ, ಕಿಟಕಿಗೆ ಮೊಣಕೈ ಊರಿ. "ತೂಕ ಜಾಸ್ತಿ ಬಂದ್ರೆ ಫೀಸೂ ಟ್ಯಾಕ್ಸೂ ಎಲ್ಡೂ ಮೇಲಕ್ಕೋಯ್ತವೆ. ಒಂಚೂರು ಕಮ್ಮಿ ಬರೋ ಅಂಗೆ ನಿಲ್ಲಿಸ್ಕತೀನಿ, ನೀನು ಸುಮ್ಕೆ ಒತ್ತು."

ಅವನು ಸ್ಟೆಪ್ನಿ ಬಿಚ್ಚಿಸಿದ, ದೋಣಿ ಎಳೆಯುವ ರಾಟೆ ಬಿಚ್ಚಿಸಿದ. ಆಮೇಲೆ ಹಿಂದಿನ ಒಂದು ಚಕ್ರವನ್ನು ತೂಕದ ಪ್ಲಾಟ್‌ಫಾರ್ಮಿನ ಆಚೆಯ ಸಿಮೆಂಟ್ ಕಟ್ಟೆಗೆ ಹತ್ತಿಸಿ ನಿಲ್ಲಿಸಿ, ಜೀಪನ್ನು ಕಳಚಿ ಮುಂದೆ ಕಳಿಸಿದ. ಇಂಥ ಆಟ ಹೂಡುವವರಿಗೆಲ್ಲ ಯಶೋಧರಾ ಒಂದು ಮಾತು ಹೇಳುತ್ತಿದ್ದಳು: ಈಗ ಚೀಟಿಯಲ್ಲಿ ಗಾಡಿಯ ಫೋಟೋನೂ ಬರುತ್ತೆ, ಸರಿಯಾಗಿ ನಿಲ್ಲಿಸಿ. ಇವನಿಗೂ ಹೇಳಬೇಕೆಂದು ಬಾಯಿ ತೆರೆದಳು.

"ಅಳೇ ಟ್ರೈಲರ್ಗೂ ಇಂಗೇ ಮಾಡ್ಸಿದ್ದೆ ಕಣವ್ವ," ಅಂದ ಅವನು, ನಗುತ್ತಾ. "ಅರ್ಧ ತೂಕಕ್ಕೇ ಪಾಸಾಯ್ತು. ಆ ತೂಕಕ್ಕೆ ತಕ್ಕ ಸಣ್ಣ ಕೊಕ್ಕೆ ಆಕ್ಸಿ ಅಲ್ಲೂ ಉಳಿಸ್ದೆ. ಯಾವನ್ ಕೇಳ್ದ?"

ಯಶೋಧರಾ ತೆರೆದ ಬಾಯಿ ಮುಚ್ಚಿದಳು. ಕಿಟಕಿಯ ಪಕ್ಕದಲ್ಲೇ ಚೀಟಿಗಾಗಿ ಕಾಯುತ್ತಿದ್ದ ಕಬ್ಬಿನ ಲಾರಿಯ ಮಾರಯ್ಯ ಅವಳ ಮುಖ ನೋಡಿದ. ಅವನು ಹೆಡತಲೆಯವನೇ. ಅವಳು ಗುಂಡಿ ಒತ್ತಿದಳು. ಚೀಟಿ ಹೊರಗೆ ಬಂತು. ಚಿಕ್ಕಸ್ವಾಮಿ ಕಿಲೋ ನೋಡಿ ಹಿಗ್ಗಿದ, ಮೂಲೆಯಲ್ಲಿದ್ದ ಕಪ್ಪು ಬಿಳುಪು ಫೋಟೋದ ಕಡೆ ಕಣ್ಣು ಹಾಯಿಸಲಿಲ್ಲ.

"ಓಗ್ಬನ್ನಿ ಸಾ," ಅಂದಳು ಯಶೋಧರಾ.

ಆ ದಿನವೆಲ್ಲ ಅವಳಿಗೆ ಅನ್ನ ರುಚಿಸಿತು.

ಎರಡು ದಿನ ಕಳೆದು, ಲಾರಿಗಳ ಸಾಲು ರಸ್ತೆಯವರೆಗೆ ನಿಂತಿದ್ದ ಹೊತ್ತಿನಲ್ಲಿ ಟ್ರೈಲರ್ ಮತ್ತೆ ಬಂತು. ಈ ಸಲ ಅದರ ಹಿಂದೆ ಮೋಟಾರು ವಾಹನ ಇನ್‌ಸ್ಪೆಕ್ಟರೂ ಬಂದಿದ್ದರು. ಫೋಟೋ ಅವರ ಕಣ್ಣಿಗೆ ಬಿದ್ದಿತ್ತು. ಮೊದಲು ಅವರು ಯಶೋಧರಾಳನ್ನೇ ಗದರಿಸಿದರು.

"ಚಕ್ರ ಹೊರಗಿದೆ ಅಂತ ಕಾಣಿಸಲಿಲ್ವೇನಮ್ಮಾ? ಯಾಕೆ ಕೊಟ್ಟೆ ಚೀಟಿ?"

"ಅವ್ರು ನಿಲ್ಸಿದಂಗೇ ಬಂತು ಸಾ. ತಪ್ಪಾಯ್ತು."

ವೇಬ್ರಿಡ್ಜಿನ ಮಾಲೀಕ ಸಿದ್ದಯ್ಯ ಓಡಿ ಬಂದು, ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದು ಎಲ್ಲರ ಎದುರೇ ಹೇಳಿದ. ಅವಳು ತಲೆ ತಗ್ಗಿಸಲಿಲ್ಲ. ನಾಲ್ಕೂ ಚಕ್ರ ಒಳಗೆ ನಿಲ್ಲಿಸಿ, ಸ್ಟೆಪ್ನಿ, ರಾಟೆ ಎಲ್ಲ ಕಟ್ಟಿಸಿ ಮತ್ತೆ ತೂಕ ಹಾಕಿದಳು. ಮೊದಲಿಗಿಂತ ಎಷ್ಟೋ ಹೆಚ್ಚು ಬಂತು. ಇನ್‌ಸ್ಪೆಕ್ಟರ್ ಅರ್ಜಿಯನ್ನು ತಡೆಹಿಡಿದು, ಹಳೆಯ ಟ್ರೈಲರಿನ ವಿಷಯ ಎತ್ತಿದರು.

"ಹಳೇದು ಆಕ್ಸಿಡೆಂಟ್ ಆಗಿತ್ತಲ್ಲ, ಏನದು?"

"ಅಯ್ಯೋ, ಡ್ರೈವರ್ ಕುಡಿದಿದ್ದ ಸಾ," ಅಂದ ಚಿಕ್ಕಸ್ವಾಮಿ, ನಾಲಿಗೆ ತಡವರಿಸದೆ.

ಯಶೋಧರಾ ಕುರ್ಚಿ ಬಿಟ್ಟು ಹೊರಗೆ ಬಂದಳು.

"ಆ ಡ್ರೈವರ್ ನಮ್ಮಣ್ಣ ಸಾ. ಮಾದೇಶ. ಮೊನ್ನೆ ಈ ಕಿಟಕೀಲಿ ಇವ್ರೇ ಏಳುದ್ರು, ಅಳೇದುಕ್ಕೂ ಇಂಗೇ ತೂಕ ಕಮ್ಮಿ ಮಾಡ್ಸಿ ಸಣ್ಣ ಕೊಕ್ಕೆ ಆಕ್ಸಿದ್ದೆ ಅಂತ."

"ಸುಳ್ಳು! ಯಾರೇ ನೀನು?"

"ದಿಟ ಸಾ," ಅಂದ ಮಾರಯ್ಯ ಲಾರಿಯಿಂದ ಇಳಿದು. "ನಾನೂ ಇಲ್ಲೇ ನಿಂತಿದ್ದೆ. ಕಿವಿಯಾರ ಕೇಳಿವ್ನಿ."

ಲಾರಿಗಳ ಬಾಗಿಲು ಒಂದೊಂದಾಗಿ ತೆರೆದವು. ಜನ ಸುತ್ತ ನೆರೆದರು. ಚಿಕ್ಕಸ್ವಾಮಿ ಸಹಾಯಕ್ಕೆ ಇನ್‌ಸ್ಪೆಕ್ಟರ ಮುಖ ನೋಡಿದ. ಅವರು ಹಳೆಯ ಟ್ರೈಲರಿನ ನಂಬರ್ ಬರೆದುಕೊಳ್ಳುತ್ತಿದ್ದರು. ಯಶೋಧರಾ ಅವನಿಗೆ ಇನ್ನೂ ಹತ್ತಿರ ಬಂದಳು.

"ನಮ್ಮಣ್ಣ ಕುಡಿದಿದ್ನಾ? ಏಳಿ."

ಅವನು ಏನೋ ಗೊಣಗಿದ.

"ಜೋರಾಗಿ ಏಳಿ. ಸ್ಟೇಷನ್ನಾಗೆ ಜೋರಾಗೇ ಏಳಿದ್ರಲ್ಲ."

"ಇಲ್ಲ ಕಣಮ್ಮ... ಕುಡಿದಿರ್ಲಿಲ್ಲ. ಕೊಕ್ಕೆ ತಡೀಲಿಲ್ಲ. ಏನೋ ಆ ಒತ್ನಲ್ಲಿ ಬಾಯಿಗೆ ಬಂದುದ್ ಅಂದ್ಬುಟ್ಟೆ. ಬುಟ್ಬುಡು."

"ಬುಡಲ್ಲ," ಅಂದಳು ಯಶೋಧರಾ.

ಅವಳು ಬಿಡಲೂ ಇಲ್ಲ. ಮಾರಯ್ಯನನ್ನು ಕರೆದುಕೊಂಡು ಟಿ. ನರಸೀಪುರದ ಸ್ಟೇಷನ್ನಿಗೆ ಹೋಗಿ ಹೊಸದಾಗಿ ದೂರು ಕೊಟ್ಟಳು. ಹಳೆಯ ಟ್ರೈಲರನ್ನು ರಸ್ತೆಗಿಳಿಸಬಾರದೆಂದು ಆದೇಶವಾಯಿತು, ಹೊಸದಕ್ಕೆ ನಂಬರ್ ಸಿಗಲಿಲ್ಲ. ಹೊಳೆಯ ನೀರು ತಿಳಿಯಾಗಿ ಜನ ಸಂಗಮಕ್ಕೆ ಬರತೊಡಗಿದರೂ ಚಿಕ್ಕಸ್ವಾಮಿಯ ದೋಣಿ ಅವನ ಅಂಗಳದಲ್ಲೇ ಟಾರ್ಪಾಲು ಹೊದ್ದು ಕೂತಿತ್ತು. ಅವನು ರಾಜಿಗೆಂದು ಎರಡು ಸಲ ಹೆಡತಲೆಗೆ ಜನ ಕಳಿಸಿದ. ಯಶೋಧರಾ ಅವರಿಗೆ ಮಜ್ಜಿಗೆ ಕೊಟ್ಟು, ಮಾತಿಗೆ ಎಡೆ ಕೊಡದೆ ವಾಪಸು ಕಳಿಸಿದಳು. ಕೆಲಸ ಹೋದದ್ದಕ್ಕೆ ಅವ್ವ ಪಾಪಮ್ಮ ಕಣ್ಣೀರು ಹಾಕಿದಳು. ಯಶೋಧರಾಳಿಗೆ ಮಾತ್ರ ಅದೊಂದು ಲೆಕ್ಕಕ್ಕೇ ಬರಲಿಲ್ಲ.

ಚಿಕ್ಕಸ್ವಾಮಿ ಒಪ್ಪಿಕೊಂಡ ಆ ದಿನ ಸಂಜೆ ಅವಳು ಮನೆಗೆ ಬಂದಾಗ ಮಾದೇಶ್ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ. ಅವಳು ನಡೆದದ್ದನ್ನೆಲ್ಲ ನಿಂತಲ್ಲೇ ಹೇಳಿದಳು. ಅವನು ಖುಷಿಪಡುತ್ತಾನೆ, ಇಲ್ಲವೇ ಅಳುತ್ತಾನೆ ಎಂದುಕೊಂಡಿದ್ದಳು. ಅವನು ಕೈಯಲ್ಲಿದ್ದ ಕಾಯನ್ನು ಕೆಳಗಿಟ್ಟ.

"ಯಾರ್ಯಾರು ಕೇಳುಸ್ಕೊಂಡ್ರು ಮಗಾ?" ಅಂದ.

ಅವಳು ಹೆಸರು ಹೇಳುತ್ತಾ ಹೋದಳು. ಮಾರಯ್ಯ, ಸಿದ್ದಯ್ಯ, ಕಬ್ಬಿನ ಲಾರಿಯವರು, ಭತ್ತದ ಮಂಡಿಯ ಹಮಾಲರು. ನಮ್ಮೂರಿನವರು ಇನ್ಯಾರಿದ್ದರು ಎಂದು ಅವನು ಮತ್ತೆ ಕೇಳಿದ. ಅವಳು ಪಕ್ಕದಲ್ಲಿ ಕೂತು, ಚಿಕ್ಕಸ್ವಾಮಿ ಹೇಗೆ ಗೊಣಗಿದ, ಆಮೇಲೆ ಹೇಗೆ ಜೋರಾಗಿ ಹೇಳಿದ ಎಂಬುದನ್ನು ಅವನದೇ ದನಿಯಲ್ಲಿ ಇನ್ನೊಂದು ಸಲ ಹೇಳತೊಡಗಿದಳು.