ಕಾಳಗಿಯ ಬುಗ್ಗೆಯ ಧರ್ಮಶಾಲೆಯಲ್ಲಿ ಅವ್ವನ ಉಪವಾಸ

ಕಾಳಗಿಯ ಬುಗ್ಗೆಯ ಪಕ್ಕದ ದೊಡ್ಡ ಧರ್ಮಶಾಲೆಗೆ ಹೊರಟವರಿಗೆ ನಾನು ಹೇಳುತ್ತಿದ್ದ ಮೊದಲ ಮಾತು ಇದು: ಕೋಣೆಯನ್ನು ಕಣ್ಣಿನಿಂದ ನೋಡಿ ಒಪ್ಪಬೇಡಿ, ಅಂಗಾಲಿನಿಂದ ನೋಡಿ. ಚಪ್ಪಲಿ ಬಿಟ್ಟು ನೆಲದ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಬುಗ್ಗೆಯಿಂದ ಹೊರಬೀಳುವ ನೀರಿನ ಕಾಲುವೆ ಮೂಡಲ ಸಾಲಿನ ಕೋಣೆಗಳ ಕೆಳಗೆ ಹಾದುಹೋಗಿತ್ತು. ಚಳಿಗಾಲದಲ್ಲಿ ಊರೆಲ್ಲ ಕೊರೆಯುತ್ತಿದ್ದರೂ ಆ ಸಾಲಿನ ಕಲ್ಲು ನಸುಬೆಚ್ಚಗಿರುತ್ತಿತ್ತು. ತಿಳಿಯದವರು ಗಾಳಿ ಚೆನ್ನಾಗಿದೆ ಎಂದು ಪಡುವಲ ಸಾಲು ಹಿಡಿದು, ಬೆಳಗ್ಗೆ ಮೈ ಸೆಟೆದುಕೊಂಡು ಏಳುತ್ತಿದ್ದರು.

ನನಗೆ ಇದು ಹೊಳೆದದ್ದು ಜಾಣತನದಿಂದಲ್ಲ, ಕಸುಬಿನಿಂದ. ಶಹಾಬಾದಿನ ಗಣಿಯಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಹೊತ್ತು ಶುರುಮಾಡಿ, ಆಮೇಲೆ ಅದೇ ಕಲ್ಲನ್ನು ಮಾರಲು ಕಲಿತವನು ನಾನು. ಹೈದರಾಬಾದಿನ ಪೊಲೀಸ್ ಆ್ಯಕ್ಷನ್ ಮುಗಿದು ಊರುಗಳು ಮತ್ತೆ ಮನೆ ಕಟ್ಟಲು ಶುರುಮಾಡಿದ್ದ ಕಾಲ, ಕಲ್ಲಿಗೆ ಗಿರಾಕಿಗಳಿದ್ದರು. ನನ್ನ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಅವ್ವನ ಮೊಣಕಾಲು ಹೋಗಿದ್ದವು. ಅವಳೂ ಅದೇ ಗಣಿಯಲ್ಲಿ ಬುಟ್ಟಿ ಹೊತ್ತವಳು. ಬುಗ್ಗೆಯ ನೀರಿನಲ್ಲಿ ಕೂತರೆ ಕೀಲು ಸಡಿಲುತ್ತವೆ ಎಂದು ಯಾರೋ ಹೇಳಿದ್ದರು. ವಾಡಿಯಲ್ಲಿ ರೈಲು ಬದಲಿಸಿ, ಚಿತ್ತಾಪುರದಲ್ಲಿ ಇಳಿದು, ಗುಂಡಗುರ್ತಿಯ ಮೇಲಿನಿಂದ ಎತ್ತಿನ ಬಂಡಿಯಲ್ಲಿ ಅವಳನ್ನು ಕರೆದುಕೊಂಡು ಹೋದೆ.

ಧರ್ಮಶಾಲೆ ನೋಡಿಕೊಳ್ಳುತ್ತಿದ್ದವನು ಕಾಗಿಣಾ ಹೊಳೆಯ ದಂಡೆಯ ಅಂಬಿಗರ ಮುದುಕ. ಅವನಪ್ಪನೂ ಅಲ್ಲೇ ಇದ್ದವನಂತೆ.

"ಮೂಡಲ ಸಾಲ್ನ್ಯಾಗ ಜಾಗ ಇಲ್ರಿ. ಪಡುವಲಕ ಕುಂದ್ರಿ."

"ಪಡುವಲದ ಕಲ್ಲು ಬರ್ಫ್ ಆಗ್ಯಾದಲ್ಲೋ ಅಜ್ಜಾ. ನಮ್ಮವ್ವನ ಮೊಣಕಾಲು ನೋಡು."

"ಎಲ್ಲಾರ ಅವ್ವಂದಿರಿಗೂ ಮೊಣಕಾಲು ಅವ."

"ಬಾಗಿಲದಾಗ ಆ ಪರಸಿ ಒಡದು ಕುಂತದ. ಅದನ್ನ ನಾ ಕೂಡಿಸಿಕೊಡ್ತೀನಿ."

ಮುದುಕ ನನ್ನ ಅಂಗಿಯನ್ನೂ ಕೈಯನ್ನೂ ನೋಡಿದ. "ಬರೇ ಬಾಯಿಲೆ ಕೂಡಸ್ತೀರೋ, ಕೈಲೆ ಕೂಡಸ್ತೀರೋ?" ಎಂದು ನಕ್ಕು, ಮೂಡಲ ಸಾಲಿನ ಕೊನೆಯ ಕೋಣೆಯ ಚಿಲಕ ತೆಗೆದ.

ನಡುವೆ ದೊಡ್ಡ ಅಂಗಳ, ನಾಲ್ಕೂ ಕಡೆ ಕಲ್ಲಿನ ಪಡಸಾಲೆ, ಅದರ ಹಿಂದೆ ಕೋಣೆಗಳ ಸಾಲು. ಅಂಗಳದ ತುದಿಯಲ್ಲಿ ಮೆಟ್ಟಿಲಿಳಿದರೆ ಬುಗ್ಗೆಯ ಹೊಂಡ. ಬೆಳಗ್ಗೆ ಹೆಂಗಸರು, ಬಿಸಿಲೇರಿದ ಮೇಲೆ ಗಂಡಸರು. ಯಾರ ಸರದಿಯಾದರೂ ಕೈಕಾಲು ಬಾರದವರು ಮೊದಲು. ಮಿಂದು ಬಂದವರು ಪಡಸಾಲೆಯಲ್ಲಿ ಸಾಲಾಗಿ ಕೂತು ರೊಟ್ಟಿ, ಪುಂಡಿಪಲ್ಲೆ ಉಣ್ಣುತ್ತಿದ್ದರು. ನೀರಿನ ಹಬೆಗೋ ಏನೋ, ಅಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ.

ಪಕ್ಕದ ಕೋಣೆಯಲ್ಲಿ ಸೇಡಂ ಕಡೆಯ ಒಬ್ಬ ಹೆಣ್ಣುಮಗಳು ತನ್ನ ಮಗಳನ್ನು ಕರೆತಂದಿದ್ದಳು. ಹೆರಿಗೆಯಾದಾಗಿನಿಂದ ಆ ಹುಡುಗಿಯ ಬಲಗೈ ಬಿದ್ದುಹೋಗಿತ್ತು. ಕೂಸು ಅಜ್ಜಿಯ ಮಡಿಲಲ್ಲಿ ಅಳುತ್ತಿದ್ದರೆ ತಾಯಿ ನೋಡುತ್ತ ಕೂಡಬೇಕು, ಎತ್ತಿಕೊಳ್ಳಲಾರಳು. ಅವ್ವ ದಿನಾ ನೀರಿನಲ್ಲಿ ತನ್ನ ಮೊಣಕಾಲು ಮರೆತು ಆ ಕೈಯನ್ನು ತಿಕ್ಕುತ್ತಿದ್ದಳಂತೆ. "ಬಟ್ಟು ಮಿಡುಕ್ಯಾವ ನೋಡು," ಎಂದು ಬಂದು ನನಗೆ ಹೇಳುತ್ತಿದ್ದಳು. ಅವಳ ಮೊಣಕಾಲ ಬಾವೂ ಇಳಿಯುತ್ತಿತ್ತು. ಊರಿಗೆ ಹೊರಡುವ ಮಾತಾಡುತ್ತಿರುವಾಗಲೇ ಅದು ಆದದ್ದು.

ಮಿಂದು ಬಂದ ಅವ್ವ ಒದ್ದೆ ಸೀರೆಯಲ್ಲೇ ಪೂಜೆಗೆ ಕೂತಳು. ಎಡ ಅಂಗೈ ಚಾಚಿ, ಬಲಗೈಯನ್ನು ಎದೆಗೆ ಒಯ್ದಳು. ಕೈ ಅಲ್ಲೇ ನಿಂತಿತು. ಕೊರಳಲ್ಲಿ ಲಿಂಗವಿರಲಿಲ್ಲ. ಹುಟ್ಟಿದಾಗ ಗುರುಗಳು ಕಟ್ಟಿದ ಇಷ್ಟಲಿಂಗ. ಗಣಿಯಲ್ಲಿ ಬುಟ್ಟಿ ಹೊರುವಾಗಲೂ, ನನ್ನನ್ನು ಹಡೆಯುವಾಗಲೂ ಮೈಬಿಟ್ಟು ಹೋಗದಿದ್ದದ್ದು. ಊರು ಬಿಡುವ ಮುಂದೆ ಲಿಂಗಕ್ಕೆ ಹೊಸ ಶಿವದಾರ ಹಾಕಿಕೊಂಡಿದ್ದಳು. ಗಂಜಿ ಬಿಡದ ಹೊಸ ದಾರ, ನೀರಿನಲ್ಲಿ ಗಂಟು ಜಾರಿತ್ತು. ಹೊಸ ದಾರವನ್ನು ಒಮ್ಮೆ ನೆನೆಸಿ, ಹಿಂಡಿ, ಒಣಗಿಸಿ ಕಟ್ಟಿಕೊಳ್ಳಿ ಎಂದು ಆಮೇಲೆ ಎಷ್ಟೋ ಜನರಿಗೆ ಹೇಳಿದ್ದೇನೆ. ಅಂದು ಹೇಳುವವರು ಯಾರೂ ಇರಲಿಲ್ಲ.

ಅವ್ವ ಅಳಲಿಲ್ಲ. ರೊಟ್ಟಿಯ ತಾಟನ್ನು ಪಕ್ಕಕ್ಕೆ ಸರಿಸಿದಳು, ನೀರಿನ ತಂಬಿಗೆಯನ್ನೂ ಸರಿಸಿದಳು. ಲಿಂಗವಿಲ್ಲದ ಮೈಗೆ ಒಂದು ಗುಟುಕು ನೀರೂ ಸಲ್ಲದು ಎಂದು ಕೇಳಿ ಬೆಳೆದವಳು ಅವಳು.

"ಅಕ್ಕಾ, ಬಾಯರ ತೊಯ್ಸಿಗೋ," ಎಂದು ಸೇಡಂನವಳು ಬೇಡಿಕೊಂಡಳು.

"ಸಿಗಲಿ. ಆಮ್ಯಾಲ ತೊಯ್ಸಿಗೋತೀನಿ."

ಅಂಬಿಗರ ಮುದುಕ ಹೊಂಡಕ್ಕಿಳಿದು ಮುಳುಗು ಹಾಕಿ ಹಾಕಿ ಹುಡುಕಿದ. ಸಿಗಲಿಲ್ಲ. ತೂಬಿನ ಕಲ್ಲು ತೆಗೆದು ನೀರು ಬಿಡು ಎಂದೆ.

"ಬಿಟ್ರ ಮತ್ತ ಸೊಂಟಮಟ ತುಂಬಾಕ ದಿನಗಟ್ಟಲೆ ಬೇಕ್ರಿ. ಇವ್ರೆಲ್ಲಾ ನೀರಿಗಂತನ ಬಂದಾರ. ಮೊದಲ ಇವ್ರನ್ನ ಕೇಳ್ರಿ."

ಕೇಳಲು ಹೊರಟೆ. ಯಾರಿಗೆ ಏನು ಕೊಟ್ಟರೆ ಒಪ್ಪಿಯಾರು, ಯಾರನ್ನು ಮೊದಲು ಹಿಡಿಯಬೇಕು ಎಂದು ಲೆಕ್ಕಹಾಕುತ್ತ ಮೂಡಲ ಸಾಲಿನ ಮೊದಲ ಬಾಗಿಲಿಗೆ ಹೋದೆ. ಅಲ್ಲಿಗೆ ಸುದ್ದಿ ಮುಟ್ಟಿತ್ತು. "ಬಿಡಸ್ರಿ, ಬಿಡಸ್ರಿ. ಆಯಿ ಉಪಾಸ ಕುಂತಾಳ," ಎಂದರು. ಎಲ್ಲ ಬಾಗಿಲಿನಲ್ಲೂ ಅದೇ. ಕಟ್ಟಿಕೊಂಡು ಹೋದ ಮಾತುಗಳಲ್ಲಿ ಒಂದೂ ಬೇಕಾಗಲಿಲ್ಲ.

ಹೊಂಡ ಬರಿದಾಯಿತು. ಗಂಡಸರು, ಹೆಂಗಸರು ಎಲ್ಲರೂ ಇಳಿದು ಕೆಸರನ್ನು ಬಟ್ಟೆಯಲ್ಲಿ ಸೋಸಿದೆವು. ಬಳೆಚೂರು, ಕಾಲುಂಗುರ, ಕೂಸಿನ ಉಡದಾರದ ಗೆಜ್ಜೆ ಬಂದವು. ಅವ್ವನದು ಬರಲಿಲ್ಲ. ಬುಗ್ಗೆಯ ಕಣ್ಣು, ಎಂದರೆ ನೀರು ಉಕ್ಕುವ ಬಿರುಕಿನ ಸುತ್ತ ನೆಲಕ್ಕೆ ಹಾಸಿದ ಕಲ್ಲುಗಳ ಸಂದು ಮಾತ್ರ ಹುಡುಕಲು ಉಳಿಯಿತು.

ಮರುದಿನ ಅವ್ವನ ತುಟಿ ಒಡೆದಿದ್ದವು. ಕರೆದರೆ ಕಣ್ಣು ತೆಗೆಯುತ್ತಿದ್ದಳು, ಅಷ್ಟೇ. ನಾನು ಮುದುಕನಿಗೆ ಹೇಳಿದೆ: "ಆ ಕಲ್ಲು ಎಬ್ಬಸ್ತೀನಿ. ಒಂದು ಚೂರೂ ಮುಕ್ಕಾಗದಂಗ ಎಬ್ಬಿಸಿ ಮತ್ತ ಕೂಡಸ್ತೀನಿ. ಹಾರಿ ಎಲ್ಲದ?"

"ಕಣ್ಣಿನ ಸುತ್ತಲಿಂದು ನಮ್ಮಪ್ಪನೂ ಮುಟ್ಟಿಲ್ರಿ. ಎಬ್ಬಿಸಿದ್ರ ನೀರು ಬ್ಯಾರೆ ಹಾದಿ ಹಿಡೀಬಹುದು, ಹಿಡೀಲಿಕ್ಕಿಲ್ಲ. ನನಗ ಗೊತ್ತಿಲ್ಲ. ನಿಮಗ ಗೊತ್ತದೇನು?"

ನನಗೂ ಗೊತ್ತಿರಲಿಲ್ಲ. ತಾಯಿ ನೀರೂ ಮುಟ್ಟದೆ ಕೂತಿರುವಾಗ ಅದೊಂದು ಅಡ್ಡಿಯೆಂದು ನನಗೆ ಅನಿಸಲಿಲ್ಲ. ಹಾರೆ ಹುಡುಕಿ ತಂದೆ.

ಅಷ್ಟರಲ್ಲಿ ಊರ ಮಠದ ಅಯ್ಯನವರು ಹೊಸ ಲಿಂಗ ಹಿಡಿದುಕೊಂಡು ಬಂದು ಅವ್ವನ ಎದುರು ಕೂತಿದ್ದರು. ಹಾರೆಯ ಸಪ್ಪಳಕ್ಕೆ ಅವ್ವ ಕಣ್ಣು ತೆರೆದಳು.

"ಹಾರಿ ಯಾಕ?"

ಹೇಳಿದೆ. ಅವಳು ಪಡಸಾಲೆಯಿಂದಲೇ ಹೊಂಡದ ಕಡೆ ನೋಡಿದಳು. ಬರಿದಾದ ಮೆಟ್ಟಿಲುಗಳ ಕೆಳಗೆ ಸೇಡಂನ ಹುಡುಗಿ ಒಬ್ಬಳೇ ಕೂತಿದ್ದಳು. ಬುಗ್ಗೆಯ ಕಣ್ಣಿನಿಂದ ಜಿನುಗಿ ನಿಂತಿದ್ದ ಅಷ್ಟೇ ಅಷ್ಟು ನೀರಿನಲ್ಲಿ ಸತ್ತ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಇಳಿಬಿಟ್ಟಿದ್ದಳು.

"ಆ ಕಲ್ಲು ಮುಟ್ಟಬ್ಯಾಡ."

"ಅದರ ಬುಡಕ ಸಿಗಬಹುದಬೇ."

"ಸಿಗಬಹುದು. ನೀರೂ ಹೋಗಬಹುದು. ಆಕಿ ತನ್ನ ಕೂಸಿನ್ನ ಎತ್ತೋದು ಬ್ಯಾಡೇನು?"

ನಾನು ಬಾಯಿ ತೆರೆಯುವ ಮೊದಲೇ ಅಯ್ಯನವರ ಕಡೆ ತಿರುಗಿದಳು. ದನಿ ನೂಲಿನಷ್ಟು ತೆಳ್ಳಗಾಗಿತ್ತು, ಮಾತು ಮಾತ್ರ ಸಂತೆಯಲ್ಲಿ ನಿಂತವಳದು.

"ಹೊಸಾದು ತೊಗೊಂಡ್ರ ಹಳೇದನ್ನ ಬಿಟ್ಟಂಗ ಆಗ್ತದಲ್ರಿ ಅಯ್ಯನವರ?"

"ನೀವು ಬಿಟ್ಟಿಲ್ಲ ತಾಯಿ. ಕಳದದ. ಕಳದವ್ರಿಗೆ ಮತ್ತ ಕಟ್ಟಬಹುದು."

"ನಮ್ಮತ್ತಿ ಹಂಗ ಅಂತಿದ್ದಿಲ್ಲ. ಲಿಂಗ ಹೋದ್ರ ಜೀವಾನೂ ಅದರ ಹಿಂದ ಹೋಗಬೇಕು ಅಂತಿದ್ಲು."

"ನಿಮ್ಮತ್ತಿದು ಎಂದರ ಕಳದಿತ್ತೇನು?"

"ಇಲ್ಲ."

"ಮತ್ತ? ಕಳಕೊಂಡಿದ್ರ ಆಕಿ ಏನಂತಿದ್ಲೋ ಯಾರಿಗೆ ಗೊತ್ತು?"

ಅವ್ವ ಮತ್ತೊಮ್ಮೆ ಹೊಂಡದ ಕಡೆ ನೋಡಿದಳು.

"ಆತು. ತೊಗೋತೀನಿ. ಆದ್ರ ಒಂದು ಮಾತು ಕೊಡ್ರಿ. ನನ್ನ ಮಣ್ಣಿಗಿಡೂಮುಂದ ಕೈಯಾಗ ಹೊಸಾದು ಇಡಸ್ರಿ. ಅದರ ಮ್ಯಾಲ ಈ ಬುಗ್ಗಿ ನೀರು ಹಾಕಸ್ರಿ. ನಂದು ಇದರಾಗ ಅದ. ಬ್ಯಾರೆ ನೀರು ನನಗ ನಡ್ಯಾಂಗಿಲ್ಲ."

"ಶಹಾಬಾದಕ್ಕ ಈ ನೀರು ಯಾರು ಒಯ್ಯೋರು ತಾಯಿ?"

"ಇವ ಒಯ್ತಾನ." ನನ್ನ ಕಡೆ ನೋಡಿದಳು. "ಹ್ಞೂಂ ಅನ್ನು."

ಕೇಳಿದ ತಕ್ಷಣ ಒಪ್ಪಬೇಡಿ, ಒಂದು ಗಳಿಗೆ ಸುಮ್ಮನಿರಿ ಎಂದು ವ್ಯಾಪಾರಕ್ಕಿಳಿಯುವವರಿಗೆಲ್ಲ ನಾನು ಹೇಳುತ್ತೇನೆ. ಅಂದು ಹ್ಞೂಂ ಅಂದೆ. ಹಾರೆಯನ್ನು ಗೋಡೆಗೆ ಒರಗಿಸಿದೆ.

ಅಯ್ಯನವರು ಲಿಂಗ ಕಟ್ಟಿದರು. ಅವ್ವ ಅಂಗೈಯ ಮೇಲೆ ಅದನ್ನಿಟ್ಟುಕೊಂಡು ಬಹಳ ಹೊತ್ತು ನೋಡಿದಳು, ಪರಿಚಯವಿಲ್ಲದವರ ಮುಖ ನೋಡುವಂತೆ. ಪೂಜೆ ಮುಗಿದ ಮೇಲೆ ಸೇಡಂನವಳು ಜೋಳದ ಅಂಬಲಿ ತಂದು ಕುಡಿಸಿದಳು. ಆ ಕಡೆ ಮುದುಕ ತೂಬಿನ ಕಲ್ಲು ಕೂಡಿಸಿದ.

ಹೊಂಡ ತುಂಬುವವರೆಗೂ ನಾವು ಅಲ್ಲೇ ಇದ್ದೆವು. ಹುಡುಗಿಯ ಬೆರಳು ಮಿಡುಕುತ್ತಿದ್ದವು. ಕೂಸನ್ನು ಎತ್ತುವಷ್ಟು ಕೈ ಬಂದದ್ದನ್ನು ನಾನು ನೋಡಲಿಲ್ಲ. ಆಮೇಲೆ ಬಂತೋ ಇಲ್ಲವೋ ತಿಳಿಯದು. ಬಂದಿರಲಿ ಎಂದುಕೊಳ್ಳುತ್ತೇನೆ.

ಹೊರಡುವ ದಿನ ನನಗೊಂದು ವಿಚಾರ ಬಂತು. ಮಣ್ಣಿಗಿಡುವುದನ್ನು ತಡಮಾಡುವಂತಿಲ್ಲ, ಶಹಾಬಾದಿನಿಂದ ಕಾಳಗಿಗೆ ಹೋಗಿಬರುವಷ್ಟು ಹೊತ್ತು ಯಾರೂ ಕೊಡುವುದಿಲ್ಲ. ಒಪ್ಪಿಕೊಂಡ ಮಾತನ್ನು ನಡೆಸಬೇಕಾದರೆ ನೀರು ಮನೆಯಲ್ಲೇ ಇರಬೇಕು. ಬದುಕಿರುವ ತಾಯಿಯ ಎದುರು ಅದನ್ನು ಹೇಗೆ ತುಂಬಿಸಲಿ ಎಂದು ನಾನು ಹಿಂದೆಮುಂದೆ ನೋಡುತ್ತಿರುವಾಗ, ಅವಳೇ ತಾಮ್ರದ ತಂಬಿಗೆ ತಂದು ಮುಂದಿಟ್ಟಳು. "ಬಾಯಿ ಛಂದಾಗಿ ಕಟ್ಟು. ಬಂಡ್ಯಾಗ ಚೆಲ್ತದ."

ಆ ತಂಬಿಗೆ ನಮ್ಮ ಮನೆಯ ದೇವರ ಜಗುಲಿಯ ಮೇಲೆ ಕೂತಿತು. ಪ್ರತಿ ಚಳಿಗಾಲ ಅವ್ವ ನೆನಪಿಸುತ್ತಿದ್ದಳು, "ನೀರು ಹಳೇದಾತು, ಹೋಗಿ ತುಂಬಿಸ್ಕೊಂಡು ಬಾ." ಹೋಗಿ ತರುತ್ತಿದ್ದೆ. ಮುದುಕ ಏನೂ ಕೇಳದೆ ತುಂಬಿಕೊಡುತ್ತಿದ್ದ. ಹೈದರಾಬಾದ್ ರಾಜ್ಯ ಇನ್ನೂ ಇದ್ದಾಗಲೇ ಒಂದು ಬೇಸಿಗೆಯಲ್ಲಿ ಅವ್ವ ತೀರಿಹೋದಳು. ನಮ್ಮ ರೂಢಿಯಂತೆ ಸಮಾಧಿಯ ಕುಣಿಯಲ್ಲಿ ಕೂಡಿಸಿ, ಎಡ ಅಂಗೈಯಲ್ಲಿ ಲಿಂಗ ಇಟ್ಟಾಗ ನಮ್ಮೂರ ಅಯ್ಯನವರು ನೀರಿಗೆಂದು ಕೈ ಚಾಚಿದರು. ನಾನು ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಬುಗ್ಗೆಯ ನೀರಿನ ತಂಬಿಗೆ ಕೊಟ್ಟೆ.