ಮುಂದಿನ ವರ್ಷದ ಅಳತೆ

ಮೊನ್ನೆ ಮೊನ್ನೆಯವರೆಗೂ ನಮ್ಮ ಹಿತ್ತಲಿನ ಹಗ್ಗದಲ್ಲಿ ಒಣಗುತ್ತಿದ್ದ ಶಾಲೆಯ ಲಂಗವನ್ನು ನೀವು ಹತ್ತಿರ ಹೋಗಿ ನೋಡಿದ್ದರೆ, ಅಂಚಿನಿಂದ ಒಂದು ಗೇಣು ಮೇಲೆ ಸುತ್ತಲೂ ಒಂದು ಕಡುನೀಲಿ ಪಟ್ಟಿ ಕಾಣಿಸುತ್ತಿತ್ತು. ಉಳಿದ ಬಟ್ಟೆಯೆಲ್ಲ ಮದ್ದೂರಿನ ಬಿಸಿಲಿಗೂ ಬೋರ್‌ವೆಲ್ಲಿನ ಗಡಸು ನೀರಿಗೂ ಬಣ್ಣಗೆಟ್ಟು ಮಂಕಾಗಿದ್ದರೆ, ಆ ಪಟ್ಟಿ ಮಾತ್ರ ಅಂಗಡಿಯಿಂದ ತಂದ ದಿನದ ಹೊಸತನವನ್ನು ಹಾಗೇ ಉಳಿಸಿಕೊಂಡಿತ್ತು. ಜೂನ್ ತಿಂಗಳವರೆಗೆ ಅದು ಒಳಗೆ ಮಡಚಿ ಹೊಲಿದ ಮಡಿಕೆಯಾಗಿತ್ತು. ಮಗಳು ಈ ವರ್ಷವಾದರೂ ಬೆಳೆದಾಳೆಂಬ ಆಸೆಯಿಂದ ನಾನೇ ಬಿಚ್ಚಿದ್ದೆ. ಅವಳು ಬೆಳೆಯಲಿಲ್ಲ, ಲಂಗ ಬೆಳೆಯಿತು. ಅದರ ಕೆಳಗೆ ಇನ್ನೂ ಒಂದು ಮಡಿಕೆ ಬಿಚ್ಚದೆ ಕಾದಿತ್ತು.

ಇದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆಯ ಮಕ್ಕಳೆಲ್ಲ ದೊಡ್ಡವರಾಗುವುದೇ ಹೀಗೆ, ಇನ್ನೂ ಬಾರದಿರುವ ತಮ್ಮದೇ ದೊಡ್ಡ ಮೈಗೆಂದು ತಂದ ಬಟ್ಟೆಯೊಳಗೆ ಓಡಾಡಿಕೊಂಡು. ಶೂ ತರುವಾಗ ಹೆಬ್ಬೆರಳ ಮುಂದೆ ಜಾಗ ಉಳಿಯುವಂಥದ್ದನ್ನೇ ಹುಡುಕಿ ತಂದು ಆ ಜಾಗಕ್ಕೆ ಹತ್ತಿ ತುರುಕುತ್ತೇವೆ, ಸ್ವೆಟರಿನ ತೋಳನ್ನು ಎರಡು ಸುತ್ತು ಮಡಚುತ್ತೇವೆ, ಉಂಗುರಕ್ಕೆ ದಾರ ಸುತ್ತುತ್ತೇವೆ. ಮದುವೆಯ ರವಿಕೆಗೂ ಒಳಗೆ ಬಟ್ಟೆ ಬಿಟ್ಟು ಹೊಲಿಸುವ ಜನ ನಾವು. ನನ್ನ ರವಿಕೆಯಲ್ಲಿ ಹಾಗೆ ಬಿಟ್ಟಿದ್ದ ಹೊಲಿಗೆಗಳೆಲ್ಲ ಬಿಚ್ಚಿ ಮುಗಿದು ಬಹಳ ಕಾಲವಾಯಿತು, ಆ ವಿಚಾರ ಈಗ ಬೇಡ.

ನಾನು ಮಳವಳ್ಳಿಯ ಕಡೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ದಿನವೂ ಮದ್ದೂರಿನಿಂದ ಹೋಗಿ ಬರುವ ಬಸ್ಸು, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವ ಆ ದಾರಿ, ಮನೆಗೆ ಬಂದರೆ ಒಲೆ. ಇಂಥ ದಿನಗಳ ಕೊನೆಯಲ್ಲಿ ಬರುವ ದಣಿವು ನಿದ್ದೆಯಿಂದ ಹೋಗುವಂಥದ್ದಲ್ಲ. ಮಗಳು ಸಿಂಚನಳಿಗೆ ಹದಿಮೂರು. ಪ್ರಾರ್ಥನೆಯ ಸಾಲಿನಲ್ಲಿ ಇಂದಿಗೂ ಮೊದಲು ನಿಲ್ಲುವವಳು. ಡಾಕ್ಟರು ಏನೂ ತೊಂದರೆಯಿಲ್ಲ, ಆಗುವಷ್ಟು ಎತ್ತರ ಆಗುತ್ತಾಳೆ ಎಂದರು. ಅತ್ತೆಗೆ ಆ ಮಾತು ಸಾಲದೆ ಅವಳನ್ನು ಬೆಳಿಗ್ಗೆ ಬೆಳಿಗ್ಗೆ ಕೊಟ್ಟಿಗೆಯ ತೊಲೆಗೆ ಜೋತುಬೀಳಿಸುತ್ತಿದ್ದರು. ನಾನು ಗೋಡೆಗೆ ನಿಲ್ಲಿಸಿ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದೆ. ಗುರುತುಗಳು ಒಂದರ ಮೇಲೊಂದು ಬಿದ್ದು ದಪ್ಪನೆಯ ಒಂದೇ ಗೆರೆಯಾಗಿವೆ.

ಈ ಗಿಡ್ಡಿಗೆ ನೀರೆಂದರೆ ಪ್ರಾಣ. ಅವಳಪ್ಪ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಬಾವಿಯಲ್ಲಿ ಈಜು ಕಲಿಸಿದರು. ಬೇಸಿಗೆಯಲ್ಲಿ ಮಂಡ್ಯದ ಈಜುಕೊಳದ ಶಿಬಿರಕ್ಕೆ ಸೇರಿಸಿದಾಗ, ಕರಾವಳಿಯಿಂದ ಬಂದಿದ್ದ ತರಬೇತುದಾರಳೊಬ್ಬಳು ಮಕ್ಕಳಿಗೆ ಗಾಳಿಯ ಸಿಲಿಂಡರ್ ಕಟ್ಟಿ ನೀರಿನೊಳಗೆ ಉಸಿರಾಡುವುದನ್ನು ಒಂದೊಂದು ಗಳಿಗೆ ತೋರಿಸಿದಳಂತೆ. ಆ ಒಂದು ಗಳಿಗೆಯೇ ಸಾಕಾಯಿತು. ಸಿಂಚನ ಮನೆಗೆ ಬಂದವಳೇ, ಒದ್ದೆ ಜಡೆಯನ್ನೂ ಬಿಚ್ಚದೆ, "ಅಮ್ಮ, ನೀರೊಳಗೆ ಎಲ್ರೂ ಒಂದೇ ಎತ್ತರ ಕಣಮ್ಮ" ಎಂದಳು. ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ಮತ್ತೆ ಹಾಗೆ ಮುಳುಗಬೇಕೆಂಬ ಅವಳ ಹಟಕ್ಕೆ ಅತ್ತೆ ಒಪ್ಪಲಿಲ್ಲ. ನಮ್ಮದು ನಾಲೆಗಳ ಸೀಮೆ. ನಾಲೆಯ ಏರಿಯ ಮೇಲೆಯೇ ರಸ್ತೆ, ಎಷ್ಟೋ ಕಡೆ ತಡೆಗೋಡೆಯಿಲ್ಲ. ಇಲ್ಲಿ ಮುಳುಗು ಹಾಕುವವರಿಗೆ ಹೇಳಿಕಳಿಸುವುದು ಎಲ್ಲ ಮುಗಿದ ಮೇಲೆಯೇ. ಏರಿಯ ಮೇಲೆ ಜನ ಬಾಯಿ ಮುಚ್ಚಿ ನಿಂತಿರುತ್ತಾರೆ, ಅವರು ಹಗ್ಗ ಹಿಡಿದು ಇಳಿಯುತ್ತಾರೆ. "ಮುಳುಗೋರ್ನ ನಾವು ಕರೆಯೋದು ಎಣ ಎತ್ತಕ್ಕೆ ಕಣವ್ವ. ಆಟ ಆಡಕ್ಕೆ ಅಂತ ಯಾರಾದ್ರೂ ಮುಳುಗ್ತರಾ?" ಎಂದರು ಅತ್ತೆ. ಅವರ ಭಯ ನನ್ನದೂ ಆಗಿತ್ತು. ಆದರೂ ದಸರಾ ರಜೆಯಲ್ಲಿ ಅದೇ ಕೊಳದಲ್ಲಿ ಎರಡು ದಿನದ ತರಗತಿ ಇದೆಯೆಂದು ತಿಳಿದಾಗ ಹೂಂ ಎಂದುಬಿಟ್ಟೆ, ಬೇಡವೆಂದು ವಾದಿಸುವಷ್ಟು ತ್ರಾಣ ಇರಲಿಲ್ಲ ಎನ್ನುವುದೇ ನಿಜ. ಸಿಲಿಂಡರು, ಅದನ್ನು ಹೊರುವ ಅಂಗಿ, ಉಸಿರಿನ ಕೊಳವೆ ತರಗತಿಯವರೇ ತರುತ್ತಾರೆ. ಮುಖಕ್ಕೆ ಕಟ್ಟುವ ಗಾಜಿನ ಮಾಸ್ಕು, ಬಾತುಕೋಳಿಯ ಪಾದದಂಥ ಫಿನ್ನು, ಮೈಗಂಟುವ ರಬ್ಬರಿನ ಸೂಟು ಇಷ್ಟು ಸಣ್ಣ ಮಕ್ಕಳ ಅಳತೆಗೆ ಅವರಲ್ಲಿಲ್ಲ, ನೀವೇ ತರಬೇಕು ಎಂದರು.

ನಾನು ಮಾಡಿದ್ದೇನೆಂದರೆ, ನಮ್ಮೂರಿನ ಯಾವ ತಾಯಿಯಾದರೂ ಮಾಡುವಂಥದ್ದು. ಮಗಳಿಗೆ ಪರೀಕ್ಷೆ ನಡೆಯುತ್ತಿತ್ತೆಂದು ಅವಳ ಹಳೆಯ ಲಂಗ, ಅಂಗಿ, ಒಂದು ಜೊತೆ ಚಪ್ಪಲಿಯನ್ನು ಅಳತೆಗೆಂದು ಬ್ಯಾಗಿಗೆ ಹಾಕಿಕೊಂಡು ಒಬ್ಬಳೇ ಬೆಂಗಳೂರಿನ ರೈಲು ಹತ್ತಿದೆ. ಹೊರಡುವಾಗ ಅತ್ತೆ ಬಾಗಿಲಿಗೆ ಬಂದು, "ಬೆಳೆಯೋ ಮಗ, ಎರಡು ಬೆಟ್ಟು ದೊಡ್ದೇ ತಕಂಬಾ" ಎಂದರು. ಬೇಡವೆನ್ನುತ್ತಿದ್ದವರು ಅಳತೆಯ ಮಾತು ಬಂದಾಗ ಪಕ್ಷ ಬದಲಿಸಿದ್ದರು. ಅಲ್ಲಿನ ಈಜುಸಾಮಾನಿನ ಅಂಗಡಿಯವನು ಎತ್ತರ ಕೇಳಿದ. ಗಣಿತದ ಟೀಚರಾದ ನಾನು, ಗೋಡೆಯ ಮೇಲಿನ ಗೆರೆ ಕಣ್ಣಿಗೆ ಕಟ್ಟಿದಂತಿದ್ದರೂ, ಅವಳಿಗೆ ಬರಬೇಕಾದ ಎತ್ತರವನ್ನು ಹೇಳಿದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಅನ್ನಿಸಲೇ ಇಲ್ಲ. ಫಿನ್ನಿನ ಮುಂದೆ ಜಾಗವಿತ್ತು, ಹತ್ತಿ ತುರುಕಿದರಾಯಿತು. ಸೂಟಿನ ಬೆನ್ನು ಸಡಿಲವಿತ್ತು, ಒಳಗೊಂದು ಬನಿಯನ್ ಹಾಕಿದರಾಯಿತು. ಮುಖ ತುಂಬಿಕೊಂಡ ಮೇಲೆ ಮಾಸ್ಕೂ ಸರಿಹೋಗುತ್ತದೆ.

ಮೊದಲ ದಿನ ಕೊಳದ ಕಟ್ಟೆಯ ಮೇಲೆ ನಾವು ಮೂವರೂ ಇದ್ದೆವು. ಬೇಡ ಬೇಡವೆನ್ನುತ್ತಲೇ ಅತ್ತೆಯೂ ಬಂದಿದ್ದರು. ತರಬೇತುದಾರಳು ಮಾಸ್ಕಿನ ಪಟ್ಟಿಯನ್ನು ತಲೆಗೆ ಹಾಕಲೇ ಇಲ್ಲ. ಬರಿಯ ಮಾಸ್ಕನ್ನು ಸಿಂಚನಳ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಎಳೆದುಕೋ ಎಂದಳು. ಅಳತೆ ಸರಿಯಿದ್ದರೆ ಅದು ಕೈಬಿಟ್ಟರೂ ಮುಖಕ್ಕೇ ಕಚ್ಚಿಕೊಳ್ಳಬೇಕಂತೆ. ಅವಳು ಎಳೆದಳು. ಮಾಸ್ಕು ಜಾರಿ ಮಡಿಲಿಗೆ ಬಿತ್ತು. ಆಮೇಲೆ ತರಬೇತುದಾರಳು ಸೂಟಿನ ಬೆನ್ನನ್ನು ಮುಷ್ಟಿಯಲ್ಲಿ ಹಿಡಿದಳು, ಮುಷ್ಟಿ ತುಂಬ ರಬ್ಬರು ಬಂತು. ಫಿನ್ನಿನೊಳಗೆ ಬೆರಳು ಹಾಕಿ ಹತ್ತಿಯ ಉಂಡೆಯನ್ನು ಹೊರಗೆ ತೆಗೆದು ನನ್ನನ್ನೇ ನೋಡಿದಳು. "ಇದನ್ನು ಯಾರ ಅಳತೆಗೆ ತಂದದ್ದು ನೀವು?" ಎಂದು ಕೇಳಿದಳು. ಗದರಿಸಲಿಲ್ಲ, ನಿಜವಾಗಿ ತಿಳಿಯಲೆಂದೇ ಕೇಳಿದಳು.

"ಮುಂದಿನ ವರ್ಷಕ್ಕೂ ಆಗಲಿ ಅಂತ" ಎಂದೆ.

"ಮುಂದಿನ ವರ್ಷ ಅಂತ ಹೇಳಿದರೆ ನೀರು ಕೇಳುದಿಲ್ಲ ಅಮ್ಮ. ಮಾಸ್ಕಿನ ಒಳಗೆ ನೀರು ಬಂದರೆ ಮಗು ಹೆದರ್ತದೆ. ಸೂಟು ಸಡಿಲ ಉಂಟಾದರೆ ನೀರು ಒಳಗೆ ಬಂದು ಬಂದು ಹೋಗ್ತದೆ, ಇಷ್ಟು ಸಣ್ಣ ಮೈ ಬೇಗ ತಣ್ಣಗಾಗ್ತದೆ. ಇದರಲ್ಲಿ ಇಳಿಸ್ಲಿಕ್ಕೆ ನನ್ನಿಂದ ಆಗುದಿಲ್ಲ. ನಾಳೆ ಸರಿಯಾದದ್ದು ತನ್ನಿ, ಇಲ್ಲದಿದ್ದರೆ ಇನ್ನು ಬರುವ ವರ್ಷವೇ."

ಉಳಿದ ಮಕ್ಕಳು ಇಳಿದರು. ಸಿಂಚನ ಆ ದೊಗಳೆ ಸೂಟಿನಲ್ಲಿಯೇ ಬೆಂಚಿನ ಮೇಲೆ ಕೂತಿದ್ದಳು. ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ಕೊಳವನ್ನೇ ನೋಡುತ್ತ ಮೆಲ್ಲಗೆ ಕೇಳಿದಳು: "ಬೆಳೀತೀನಿ ಬೆಳೀತೀನಿ ಅಂತ ಎಲ್ಲ ದೊಡ್ಡದೇ ತರ್ತೀಯಲ್ಲಮ್ಮ. ಬೆಳೀದೇ ಹೋದ್ರೆ ನನ್ನ ಏನ್ಮಾಡ್ತೀಯ?"

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಸ್ನೇಹಿತರೇ, ಒಂದು ಮಗುವಿನ ಕಡೆ ಹದಿಮೂರು ವರ್ಷ ನೋಡುತ್ತಲೇ ಇದ್ದು, ಪ್ರತಿ ಸಲವೂ ಅದರ ತಲೆಯಿಂದ ನಾಲ್ಕು ಬೆರಳು ಮೇಲಕ್ಕೇ ನೋಡಿದ್ದೆ ಎಂದು ತಿಳಿದಾಗ ಆಗುವ ಸಂಕಟ ದೊಡ್ಡದು. ಅವಳಿಗೆ ನಾನು ಕಡಿಮೆ ಮಾಡಿದವಳಲ್ಲ. ತಂದದ್ದೆಲ್ಲ ಪ್ರೀತಿಯಿಂದಲೇ ತಂದದ್ದು. ಆದರೆ ತೊಟ್ಟದ್ದೆಲ್ಲ ದೊಗಳೆಯಾಗಿದ್ದಾಗ, ತಾನಿನ್ನೂ ಸಾಲದು ಎಂಬುದನ್ನಲ್ಲದೆ ಬೇರೇನನ್ನು ಆ ಮಗು ಕಲಿತೀತು?

ಗಂಡನಿಗೆ ಫೋನ್ ಮಾಡಿ ಅತ್ತೆಯನ್ನು ಮನೆಗೆ ಕರೆದುಕೊಂಡು ಹೋಗಲು ಹೇಳಿ, ನೀರು ತಾಗದ ಆ ಸಾಮಾನನ್ನೆಲ್ಲ ಮತ್ತೆ ಚೀಲಕ್ಕೆ ತುಂಬಿ, ಮಂಡ್ಯದಲ್ಲಿ ಮಗಳೊಂದಿಗೆ ಬೆಂಗಳೂರಿನ ರೈಲು ಹತ್ತಿದೆ. ನಮ್ಮ ಮದ್ದೂರು ಬಂತು, ರೈಲು ನಿಂತಿತು. ಇಳಿದರೆ ಮನೆ, ಚಾಪೆ, ಫ್ಯಾನು. ವಡೆ ಮಾರುವವರು ಹತ್ತಿದರು, ಇಳಿಯುವವರು ಇಳಿದರು, ನಾವು ಇಳಿಯಲಿಲ್ಲ. ಮೈಯ ಕೀಲು ಕೀಲೂ ನೋಯುತ್ತಿತ್ತು.

ಅಂಗಡಿಯವನು ಗೊಣಗಿಕೊಂಡೇ ಬದಲಿಸಿಕೊಡಲು ಒಪ್ಪಿದ. ಈ ಸಲ ಅಳತೆಗೆ ಬಟ್ಟೆಯಿರಲಿಲ್ಲ, ಹುಡುಗಿಯೇ ಇದ್ದಳು. ಮಾಸ್ಕನ್ನು ಒಂದಾದ ಮೇಲೊಂದು ಮುಖಕ್ಕೆ ಒತ್ತಿ ಉಸಿರೆಳೆದಳು. ಒಂದು ಹಣೆಯ ಹತ್ತಿರ ಗಾಳಿ ಬಿಟ್ಟಿತು, ಒಂದು ಕೆನ್ನೆಯ ಹತ್ತಿರ. ಕೊನೆಗೆ ಎಲ್ಲಕ್ಕಿಂತ ಸಣ್ಣದೊಂದು ಕೈಬಿಟ್ಟರೂ ಬೀಳದೆ ಕಚ್ಚಿಕೊಂಡಿತು. ಅವಳು ತಲೆ ಬಗ್ಗಿಸಿದಳು, ಅಲ್ಲಾಡಿಸಿದಳು, ಆಗಲೂ ಬೀಳಲಿಲ್ಲ. ಗಾಜಿನೊಳಗಿಂದ ನನ್ನನ್ನು ನೋಡಿದ ಕಣ್ಣುಗಳು ದೊಡ್ಡವಾಗಿ ಕಂಡವು. ಹಿಮ್ಮಡಿ ಅಲುಗದಂತೆ ಹಿಡಿಯುವ, ಆದರೆ ಬೆರಳು ಮುದುಡದ ಫಿನ್ನು ಸಿಕ್ಕಿತು. ಸೂಟು ತೊಡಿಸಲು ನಾನೂ ಅವಳೂ ಬೆವತುಹೋದೆವು. ತೊಟ್ಟ ಮೇಲೆ ಬೆನ್ನಿನಲ್ಲಿ ಎಲ್ಲೂ ಹಿಡಿಯಲು ಸಿಗಲಿಲ್ಲ. ಹುಟ್ಟಿದಾಗಿನಿಂದ ಅವಳಿಗೆ ಸರಿಯಾಗಿ ಕೂತ ಮೊದಲ ಉಡುಪು ಅದು. "ಮುಂದಿನ ವರ್ಷ ಬಿಗಿಯಾಗ್ಬೋದು ಮೇಡಂ" ಎಂದು ಅಂಗಡಿಯವನೇ ಎಚ್ಚರಿಸಿದ. ಆಗಲಿ ಎಂದೆ. ವಾಪಸು ಬರುವ ರೈಲಿನಲ್ಲಿ ಅವಳು ಚೀಲವನ್ನು ಅಪ್ಪಿಕೊಂಡು ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಹಗುರವಾದ ತಲೆ, ನನ್ನ ಭುಜಕ್ಕೆ ಸರಿಯಾಗಿ ಬರುವಷ್ಟೇ ಎತ್ತರ.

ಮರುದಿನ ತರಬೇತುದಾರಳು ಮತ್ತೆ ಎಲ್ಲವನ್ನೂ ಹಿಡಿದು, ಎಳೆದು, ಒತ್ತಿ ನೋಡಿ, "ಈಗ ಸರಿ ಉಂಟು" ಎಂದಳು. ಸಿಂಚನ ಅವಳ ಕೈ ಹಿಡಿದು ಇಳಿದಳು. ತಲೆ ಮುಳುಗಿತು. ನೀರು ಮುಚ್ಚಿಕೊಂಡು ಸಮನಾಯಿತು. ನಾಲೆಯ ಏರಿಯ ಮೇಲೆ ಜನರ ಜೊತೆ ನಿಂತು ನೋಡಿದ ನೀರೆಲ್ಲ ನನಗೆ ನೆನಪಾಯಿತು, ನಾನು ಕಟ್ಟೆಯ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡೆ. ಆ ದಿನವೂ ಬಂದಿದ್ದ ಅತ್ತೆ ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದರು. ನೀರಿನ ಮೇಲೆ ಗುಳ್ಳೆಗಳೆದ್ದವು. ಒಂದು ಗೊಂಚಲು, ಸ್ವಲ್ಪ ಬಿಡುವು, ಮತ್ತೊಂದು ಗೊಂಚಲು. ಗುಳ್ಳೆಗಳು ಕೊಳದ ಆ ತುದಿಯವರೆಗೆ ನಡೆದುಕೊಂಡು ಹೋದವು.

"ಉಸ್ರು ಬತ್ತಾ ಅದೆ ಕಣವ್ವ" ಎಂದರು ಅತ್ತೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಹೇಳಿದರು. ಅವರ ಕಣ್ಣು ತುಂಬಿತ್ತು, ನನ್ನದೂ.

ಶಾಲೆ ತೆರೆಯುವ ಹಿಂದಿನ ದಿನ ಹಗ್ಗದಿಂದ ಲಂಗ ತೆಗೆದುಕೊಂಡು ಬಂದು ಸಿಂಚನಳಿಗೆ ತೊಡಿಸಿ ನಿಲ್ಲಿಸಿದೆ. ಗೋಡೆಗೆ ಒರಗಿಸಲಿಲ್ಲ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ನೆಲದ ಮೇಲೆ ಕೂತು, ಅವಳ ಕಾಲಿಗೆ ಎಲ್ಲಿ ಒಪ್ಪುತ್ತದೋ ಅಲ್ಲಿ ಗುರುತು ಮಾಡಿ, ಅದರ ಕೆಳಗಿನದನ್ನು ಬಿಚ್ಚದ ಆ ಮಡಿಕೆಯ ಸಮೇತ ಕತ್ತರಿಸಿದೆ. ಕತ್ತರಿಯ ಸದ್ದಿಗೆ ಅತ್ತೆ ಅಡುಗೆಮನೆಯಿಂದ ಬಂದರು.

"ಅಯ್ಯೋ, ಯಾಕವ್ವ ಕತ್ತರಿಸ್ದೆ? ಮುಂದಿನ್ ವರ್ಸ ಬೆಳುದ್ರೆ?"

"ಬೆಳುದ್ರೆ ಹೊಸ್ದು ತರಾನ ಬುಡಿ ಅತ್ತೆ" ಎಂದೆ.

ಅಂಚು ಮಡಚಿ ಹೊಲಿದು ಮುಗಿಸುವ ಹೊತ್ತಿಗೆ ನನ್ನ ಸೊಂಟ ಹಿಡಿದುಕೊಂಡಿತ್ತು. ದಣಿವು ಹೋಗಲಿಲ್ಲ, ಬೆಳಗಾದರೆ ಅದೇ ಬಸ್ಸು. ಸಿಂಚನ ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿ, ಬಾಗಿ ತನ್ನ ಮೊಣಕಾಲನ್ನು ನೋಡಿಕೊಂಡು ಹೊರಗೆ ಹೋದಳು. ಕತ್ತರಿಸಿದ ತುಂಡಿನ ಮಡಿಕೆಯನ್ನು ನಾನು ಬಿಚ್ಚಿದೆ. ಒಳಗಿನ ನೀಲಿ ಹೊಸದಾಗಿಯೇ ಇತ್ತು. ಆ ಬಟ್ಟೆಯಲ್ಲಿ ಈಗ ಅವಳು ಮಾಸ್ಕಿನ ಗಾಜು ಒರೆಸುತ್ತಾಳೆ.